ಎರಡು ಕೊಪೆಕ್ಕಿನ ಗೇರು

ಏರುವಾಗ ಏನೂ ಇಲ್ಲ, ಎಂದ ವಾಝಾ,
ಇಳಿಯುವಾಗಲೇ ಅದರ ಬುದ್ಧಿ.
ಗುಡೌರಿಯಿಂದ ಪಾಸನೌರಿಯ ಕಡೆಗೆ
ತಿರುವಿನ ಮೇಲೆ ತಿರುವು; ಕಾಲು ತೆಗೆದರೆ ಸಾಕು,
ಎರಡನೇ ಗೇರು ಟಕ್ಕೆಂದು ಜಾರಿ
ನಡುವೆ ಬಂದು ಕೂರುತ್ತದೆ
ಯಾರ ಕಡೆಗೂ ಸೇರದ ಪಂಚನ ಹಾಗೆ.
ಕೆಳಗೆ ಅರಾಗ್ವಿ ನದಿ. ಬ್ರೇಕು ಅಜ್ಜನ ಕಾಲದ್ದು.

ಹದಿನಾಲ್ಕು ವರ್ಷ ಹೀಗೇ ಓಡಿಸಿದ್ದಾನೆ ಪುಣ್ಯಾತ್ಮ,
ಎಡಗೈ ಸ್ಟೀರಿಂಗಿಗೆ, ಬಲಗೈ ಗೇರುಕಡ್ಡಿಗೆ.
ಸಿಗರೇಟು ಹಚ್ಚಬೇಕಾದರೆ ಹೆಂಡತಿ ಹಿಡಿಯಬೇಕು.
ಹೆಂಡತಿ ಇಲ್ಲದ ದಿನಕ್ಕೆಂದು
ರೇಡಿಯೋದ ಗುಂಡಿಗೆ ಕಟ್ಟಿದ ಸೆಣಬಿನ ಕುಣಿಕೆ.

ನಾನು ಮೊದಲು ಹೊರಗಿನದನ್ನೇ ಬೈದೆ.
ಹೊರಗಿನದು ಅಗ್ಗ.
ಕಂಬದಿಂದ ಇಳಿದ ಸರಳುಗಳ ಅಳತೆ ನೋಡಿದೆ,
ಬುಶ್ಶು ಬದಲಿಸಿದೆ, ಬೋಲ್ಟು ಬಿಗಿದೆ,
ರಬ್ಬರಿನ ಮೌಂಟಿಗೆ ಸನ್ನೆಗೋಲು ಕೊಟ್ಟು ಅಲ್ಲಾಡಿಸಿದೆ.
ಎಣ್ಣೆ ಇಳಿಸಿದೆ: ಕಪ್ಪು, ಒಳಗೆ ಕಂಚಿನ ಮಿನುಗು,
ಮದುವೆಯ ಮರುದಿನ ಗುಡಿಸಿದ ಕಸದಂತೆ.
ಹೊಟ್ಟೆ ಬಗೆಯದೆ ವಿಧಿಯಿಲ್ಲ.

ಬಗೆದೆ.
ಎರಡನೆಯದರ ಹಲ್ಲು ಚೂಪು ಕಳೆದು
ಮಗು ಚೀಪಿ ಬಿಟ್ಟ ಕಲ್ಲುಸಕ್ಕರೆ.
ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು:
ಗೇರನ್ನು ತಡೆದು ನಿಲ್ಲಿಸುವ ಉಕ್ಕಿನ ಗುಂಡಿನ ಹಿಂದೆ,
ಸೋತ ಸ್ಪ್ರಿಂಗಿನ ಬೆನ್ನಿಗೆ ಆತುಕೊಂಡು
ಎರಡು ಕೊಪೆಕ್ಕಿನ ಒಂದು ನಾಣ್ಯ.
ಅಂಚನ್ನು ಅರದಲ್ಲಿ ಉಜ್ಜಿ ತೂತಿಗೆ ಸರಿ ಮಾಡಿದ್ದು.
ಉಜ್ಜಿದ ಗೆರೆಗಳೆಲ್ಲ ಒಂದೇ ಓರೆ,
ಎಡಚನ ಗೆರೆ.

ಎಡಚ ನನಗೆ ಒಬ್ಬನೇ ಗೊತ್ತು.
ಎಂಟು ವರ್ಷ ನನ್ನ ಬೆರಳಿಗೆ ಸ್ಪ್ಯಾನರಿನಲ್ಲಿ ಕುಟ್ಟಿ,
"ಲಮಾರಾ, ಸತ್ತ ಸ್ಪ್ರಿಂಗಿಗೆ ಊರುಗೋಲು ಕೊಡಬೇಡ,
ಹೊಸದು ಹುಡುಕು" ಎಂದು ಪಾಠ ಹೇಳಿದವನು.

ಹುಡುಕಿದೆ.
ಎಲಿಯಾವಾ ಸಂತೆಯಲ್ಲಿ ಹದಿಮೂರು ಅಂಗಡಿ.
ಒಬ್ಬ ನಕ್ಕ. ಇನ್ನೊಬ್ಬ ಯಾವುದೋ ಜೀಪಿನದನ್ನು ಕೊಟ್ಟು
"ಸ್ವಲ್ಪ ಉಜ್ಜಿಕೋ" ಎಂದ.
ಒಬ್ಬಾಕೆ ಎಣ್ಣೆ ಕಾಗದದ ಪೊಟ್ಟಣ ಬಿಚ್ಚಿದಳು
ಗರ್ಭಗುಡಿಯ ಪರದೆ ಸರಿಸುವಂತೆ:
ಹೊಚ್ಚಹೊಸ ಗೇರು, ಬೆರಳಿಗೆ ತಣ್ಣಗೆ.
ಹಲ್ಲು ಎಣಿಸಿದೆ. ಮತ್ತೆ ಎಣಿಸಿದೆ. ಒಂದು ಹೆಚ್ಚು.
ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ;
ಗಾದೆ ಕಟ್ಟಿದವನ ಬಳಿ
ಖಂಡಿತ ಒಂದು ಹಳೆ ವೋಲ್ಗಾ ಇತ್ತು.

ಕೊನೆಗೆ ಖಶುರಿಯ ಹತ್ತಿರ ಒಂದು ಹಳ್ಳಿ.
ಕೋಳಿಗೂಡಿನ ಬಾಗಿಲಿಗೆ ಆನಿಸಿಟ್ಟ ಇಡೀ ಗೇರ್‌ಬಾಕ್ಸು
ಮೂವತ್ತು ವರ್ಷದಿಂದ ನರಿ ಕಾಯುತ್ತಿದೆ.
"ಒಯ್ಯಿ, ಆದರೆ ಅಷ್ಟೇ ತೂಕದ ಕಲ್ಲು ತಂದಿಡು"
ಎಂದಳು ಪೆಪೆಲಾ, ಕಾಸಿನ ಮಾತೇ ಎತ್ತದೆ.
ಹೊಳೆಯಿಂದ ತಂದೆ, ಮೂರು ಸಲ;
ಮೊದಲೆರಡು ಅವಳಿಗೆ ಒಪ್ಪಿಗೆಯಾಗಲಿಲ್ಲ,
ಕೋಳಿಗಳಿಗೂ.
ಮುಚ್ಚಳ ತೆಗೆದರೆ ಇಲಿಯ ಗೂಡು, ಅಕ್ರೋಟದ ಸಿಪ್ಪೆ,
ಅದರಡಿಯಲ್ಲಿ ಎಣ್ಣೆ ಆರದ ಹಲ್ಲು,
ಒಂದೊಂದೂ ಚೂಪು. ಸ್ಪ್ರಿಂಗೂ ಅಲ್ಲೇ,
ಒತ್ತಿದರೆ ಎದುರು ಮಾತಾಡುವಷ್ಟು ಜೀವಂತ.

ಜೋಡಿಸಿದೆ. ಘಟ್ಟಕ್ಕೆ ಹೋದೆವು, ಮೂವರೂ.
ಮೊದಲ ಇಳಿಜಾರಿನಲ್ಲಿ ಕಾಲು ತೆಗೆದೆ.
ಎಂಜಿನ್ನು ಗೊರಗುಟ್ಟಿ ಕಾರನ್ನು ಹಿಂದಕ್ಕೆ ಎಳೆದುಕೊಂಡಿತು.
ಗೇರು ನಿಂತಿತು.
ಪಕ್ಕದಿಂದ ವಾಝಾನ ಹೆಂಡತಿಯ ಕೈ
ಅಭ್ಯಾಸಬಲದಿಂದ ಮುಂದೆ ಬಂದು,
ಗಾಳಿಯಲ್ಲಿ ಒಂದು ಕ್ಷಣ ತಡೆದು,
ತನ್ನ ಕೂದಲು ಸರಿಮಾಡಿಕೊಂಡು ಹಿಂದೆ ಹೋಯಿತು.

ಇಪೊಲಿತೆ ಈಗ ಎಲಿಯಾವಾದ ಮೂಲೆಯಲ್ಲಿ
ಬಕೆಟ್ಟು ಬೋರಲು ಹಾಕಿ ಕೂತು ಹಳೆ ಪ್ಲಗ್ಗು ಮಾರುತ್ತಾನೆ.
ನಾಣ್ಯವನ್ನು ಅವನ ಮುಂದಿಟ್ಟೆ.
ಕನ್ನಡಕ ಏರಿಸಿದ. ತಿರುಗಿಸಿದ. ಅಂಚು ಸವರಿದ.
"ನನ್ನದಲ್ಲ.
ಯಾವನೋ ಕಟುಕನ ಕೆಲಸ" ಎಂದ.
ಎರಡು ಪ್ಲಗ್ಗು ಒರೆಸಿಟ್ಟು,
"ಎಷ್ಟು ವರ್ಷ ತಡೆಯಿತು?"
"ಇಪ್ಪತ್ತಾರು."
"ಆಮೇಲೆ?"
"ಆಮೇಲೆ ಹೆಂಡತಿ ಹಿಡಿದುಕೊಂಡಳು."
"ಹ್ಞೂಂ" ಎಂದ,
ಎಡಗೈಯಿಂದ ಅದನ್ನು ಎತ್ತಿ
ಜೇಬಿಗೆ ಹಾಕಿಕೊಂಡ.